ಹೆಸರಿಲ್ಲದ ಪ್ರೋಟೀನಿನ ಬೆನ್ನು ಹತ್ತಿ

ಯಾವುದೇ ಬ್ಯಾಕ್ಟೀರಿಯಾದ ಜೀನೋಮ್ ಕಡತ ತೆರೆದು ಜೀನ್‌ಗಳ ಪಟ್ಟಿಯನ್ನು ನೋಡುತ್ತ ಹೋದರೆ ಮತ್ತೆ ಮತ್ತೆ ಎದುರಾಗುವುದು ‘ಹೈಪೊಥೆಟಿಕಲ್ ಪ್ರೋಟೀನ್’ ಎಂಬ ಬರಹ. ಇಲ್ಲೊಂದು ಜೀನ್ ಇರುವಂತಿದೆ, ಅದರಿಂದ ಪ್ರೋಟೀನ್ ತಯಾರಾಗುತ್ತಿರಬಹುದು, ಅದು ಮಾಡುವ ಕೆಲಸ ಏನೆಂದು ಮಾತ್ರ ಯಾರಿಗೂ ತಿಳಿದಿಲ್ಲ ಎಂಬುದಷ್ಟೇ ಇದರ ತಾತ್ಪರ್ಯ. 1997ರಲ್ಲಿ ಇ. ಕೋಲೈ ಬ್ಯಾಕ್ಟೀರಿಯಾದ ಪೂರ್ಣ ಜೀನೋಮ್ ಪ್ರಕಟವಾದಾಗ ಗುರುತಿಸಲಾದ 4,288 ಪ್ರೋಟೀನ್ ಜೀನ್‌ಗಳಲ್ಲಿ ಶೇಕಡ 38ರಷ್ಟಕ್ಕೆ ಯಾವ ಕೆಲಸವನ್ನೂ ಹೇಳಲಾಗಿರಲಿಲ್ಲ. 2016ರಲ್ಲಿ ಜೀನೋಮ್ ವಿಜ್ಞಾನಿ ಕ್ರೇಗ್ ವೆಂಟರ್ ಅವರ ತಂಡ ಬದುಕಲು ಬೇಕಾದಷ್ಟೇ ಜೀನ್‌ಗಳನ್ನು ಉಳಿಸಿಕೊಂಡು ಕಟ್ಟಿದ ಕೃತಕ ಜೀನೋಮಿನಲ್ಲಿ ಇದ್ದದ್ದು 473 ಜೀನ್‌ಗಳು. ಅವುಗಳಲ್ಲಿ 149ರ ಕೆಲಸ ಏನೆಂದು ಕಟ್ಟಿದವರಿಗೇ ಗೊತ್ತಿರಲಿಲ್ಲ. ಬಿಟ್ಟರೆ ಬದುಕೇ ಇಲ್ಲ ಎನ್ನುವಂಥ ಜೀನ್‌ಗಳ ಕಥೆಯೇ ಹೀಗೆ.

ನನ್ನ ಓದು ಗಣಕ ವಿಜ್ಞಾನದ್ದು. ಸೂಕ್ಷ್ಮಜೀವಿಗಳ ಮೇಲೆ ಕೆಲಸ ಮಾಡುವ ತಂಡವೊಂದರ ಜೊತೆ ಸೇರಿದ ಮೇಲೆ ಇಂಥ ಹೆಸರಿಲ್ಲದ ಪ್ರೋಟೀನ್‌ಗಳೇ ನನ್ನ ಪಾಲಿಗೆ ಬಂದವು. ಅವುಗಳಲ್ಲೊಂದರ ಹಿಂದೆ ಹೋದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ತಂಡದ ಸಹೋದ್ಯೋಗಿಯೊಬ್ಬರು ಮಣ್ಣಿನ ಬ್ಯಾಕ್ಟೀರಿಯಾವೊಂದರಲ್ಲಿ ಒಂದು ಜೀನನ್ನು ಅಳಿಸಿ ನೋಡಿದ್ದರು. ಸಾಮಾನ್ಯ ಮಾಧ್ಯಮದಲ್ಲಿ ಅದು ಎಂದಿನಂತೆ ಬೆಳೆಯಿತು. ತಾಮ್ರದ ಲವಣ ಸ್ವಲ್ಪ ಹೆಚ್ಚು ಬೆರೆಸಿದರೆ ಸೊರಗಿತು. ತಾಮ್ರ ಜೀವಿಗಳಿಗೆ ಬೇಕಾದ ಲೋಹವೇ ಆದರೂ ಹೆಚ್ಚಾದರೆ ವಿಷ: ಕೆಲವು ಕಿಣ್ವಗಳೊಳಗಿನ ಕಬ್ಬಿಣ–ಗಂಧಕದ ಗೊಂಚಲುಗಳನ್ನು ಕೆಡಿಸಿ ಕಬ್ಬಿಣವನ್ನು ಹೊರಹಾಕುತ್ತದೆ. ಆದ್ದರಿಂದ ಬ್ಯಾಕ್ಟೀರಿಯಾಗಳು ತಾಮ್ರವನ್ನು ಹೊರಗಟ್ಟಲು, ಕಟ್ಟಿಹಾಕಲು ಬಗೆಬಗೆಯ ಪ್ರೋಟೀನ್‌ಗಳನ್ನು ಇಟ್ಟುಕೊಂಡಿರುತ್ತವೆ. ಅಳಿಸಿದ ಜೀನ್ ಆ ಬಳಗಕ್ಕೆ ಸೇರಿದ್ದೇ, ಸೇರಿದ್ದರೆ ಅದರ ಪಾತ್ರ ಯಾವುದು ಎಂಬುದು ಪ್ರಶ್ನೆ. ನನಗೆ ಸಿಕ್ಕಿದ್ದು ಇನ್ನೂರಕ್ಕಿಂತ ಕಡಿಮೆ ಅಕ್ಷರಗಳ ಒಂದು ಸಾಲು. ಒಂದೊಂದು ಅಕ್ಷರವೂ ಒಂದೊಂದು ಅಮೈನೊ ಆಮ್ಲ.

ಮೊದಲು ಬ್ಲಾಸ್ಟ್. 1990ರಲ್ಲಿ ಬಂದ ಈ ತಂತ್ರಾಂಶ ಇಂದಿಗೂ ಈ ಕ್ಷೇತ್ರದಲ್ಲಿ ಎಲ್ಲರೂ ಮೊದಲು ತಟ್ಟುವ ಬಾಗಿಲು. ನಮ್ಮಲ್ಲಿರುವ ಅನುಕ್ರಮವನ್ನು ಕೊಟ್ಟರೆ ಜಗತ್ತಿನ ದತ್ತಸಂಚಯದಲ್ಲಿ ಅದನ್ನು ಹೋಲುವವನ್ನು ಹುಡುಕಿ, ಇಂಥ ಹೋಲಿಕೆ ಕೇವಲ ಆಕಸ್ಮಿಕವಾಗಿ ಎಷ್ಟು ಬಾರಿ ಸಿಗಬಹುದೆಂಬ ‘ಇ–ಮೌಲ್ಯ’ವನ್ನೂ ಹೇಳುತ್ತದೆ. ಹೋಲುವವು ಸಾಲುಸಾಲಾಗಿ ಬಂದವು. ಇ–ಮೌಲ್ಯಗಳೂ ನಂಬಬಹುದಾದಷ್ಟು ಚಿಕ್ಕವು. ಆದರೆ ಹೆಸರಿನ ಜಾಗದಲ್ಲಿ ಪ್ರತಿಯೊಂದಕ್ಕೂ ‘ಹೈಪೊಥೆಟಿಕಲ್ ಪ್ರೋಟೀನ್’. ಒಬ್ಬರ ಗುರುತನ್ನು ಕೇಳಲು ಹೋದರೆ ಇಡೀ ಬಳಗವೇ ಗುರುತು ಚೀಟಿ ಇಲ್ಲದೆ ನಿಂತಿತ್ತು.

ಪಟ್ಟಿಯಲ್ಲಿ ಒಂದೆರಡು ಕಡೆ ಮಾತ್ರ ‘ಆಕ್ಸಿಡೊರಿಡಕ್ಟೇಸ್’, ಎಂದರೆ ಎಲೆಕ್ಟ್ರಾನ್‌ಗಳನ್ನು ಒಂದು ಅಣುವಿನಿಂದ ಇನ್ನೊಂದಕ್ಕೆ ದಾಟಿಸುವ ಕಿಣ್ವ, ಎಂಬ ಹೆಸರು ಕಂಡಿತು. ಇಂಥಲ್ಲಿ ಉತ್ಸಾಹಕ್ಕಿಂತ ಅನುಮಾನ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಜೀನೋಮ್‌ಗಳಿಗೆ ಹೆಸರು ಬರೆಯುವುದು ಈಗ ಬಹುಪಾಲು ಯಂತ್ರದ ಕೆಲಸ: ಪ್ರೊಕ್ಕಾ, ಬಾಕ್ಟಾ ಮುಂತಾದ ತಂತ್ರಾಂಶಗಳು ಹಳೆಯ ದಾಖಲೆಗಳಲ್ಲಿ ಹೋಲಿಕೆ ಹುಡುಕಿ ಹೊಸ ಜೀನಿಗೆ ಅದೇ ಹೆಸರನ್ನು ದಾಟಿಸುತ್ತವೆ. ಹಳೆಯದು ತಪ್ಪಾಗಿದ್ದರೆ ತಪ್ಪೂ ದಾಟುತ್ತದೆ, ಮುಂದಿನ ಜೀನೋಮಿಗೂ, ಅದರ ಮುಂದಿನದಕ್ಕೂ. ಕಿಣ್ವ ಕುಟುಂಬಗಳ ಹೆಸರುಗಳನ್ನು ಒರೆಗೆ ಹಚ್ಚಿ 2009ರಲ್ಲಿ ಪ್ರಕಟವಾದ ಅಧ್ಯಯನವೊಂದು, ಯಂತ್ರದಿಂದ ಬರೆಯಿಸಿದ ದತ್ತಸಂಚಯಗಳಲ್ಲಿ ತಪ್ಪುಗಳು ಗಣನೀಯವಾಗಿವೆ, ತಜ್ಞರು ಕೈಯಾರೆ ಪರಿಶೀಲಿಸುವ ಸ್ವಿಸ್–ಪ್ರಾಟ್‌ನಲ್ಲಿ ಮಾತ್ರ ಬಹುತೇಕ ಇಲ್ಲ ಎಂದು ತೋರಿಸಿತ್ತು. ನಾನು ಆ ‘ಆಕ್ಸಿಡೊರಿಡಕ್ಟೇಸ್’ ಎಲ್ಲಿಂದ ಬಂತೆಂದು ಹಿಂದೆ ಹಿಂದೆ ಹೋಗಿ ನೋಡಿದೆ. ಅದರ ಹಿಂದೆ ಪ್ರಯೋಗವೊಂದೂ ಸಿಗಲಿಲ್ಲ. ಪಕ್ಕಕ್ಕಿಟ್ಟೆ.

ಅನುಕ್ರಮದಲ್ಲೇ ಇನ್ನಷ್ಟು ಹಿಂಡಿ ನೋಡಿದೆ. ಸಿಗ್ನಲ್‌ಪಿ ತಂತ್ರಾಂಶದ ಪ್ರಕಾರ ಮೊದಲ ಇಪ್ಪತ್ತು ಚಿಲ್ಲರೆ ಅಕ್ಷರಗಳು ವಿಳಾಸ ಚೀಟಿ. ಅದನ್ನು ಓದಿ ಕೋಶ ಈ ಪ್ರೋಟೀನನ್ನು ಒಳಪೊರೆಯಿಂದಾಚೆಗೆ, ಎರಡು ಪೊರೆಗಳ ನಡುವಿನ ಜಾಗಕ್ಕೆ ಕಳುಹಿಸುತ್ತದೆ, ಆಮೇಲೆ ಚೀಟಿಯನ್ನು ಕತ್ತರಿಸಿಬಿಡುತ್ತದೆ. ತಾಮ್ರವನ್ನು ಸಂಭಾಳಿಸುವ ಪ್ರೋಟೀನ್‌ಗಳು ಬಹಳಷ್ಟು ಇರುವುದು ಅಲ್ಲಿಯೇ. ಇನ್ನೊಂದು ಸುಳಿವು ನೆರೆಹೊರೆಯದು. ಬ್ಯಾಕ್ಟೀರಿಯಾಗಳಲ್ಲಿ ಒಂದೇ ಕೆಲಸಕ್ಕೆ ಬೇಕಾದ ಜೀನ್‌ಗಳು ಅಕ್ಕಪಕ್ಕದಲ್ಲಿ ಇರುವುದುಂಟು. ನಮ್ಮ ಜೀನಿನ ಒಂದು ಬದಿಗೆ ತಾಮ್ರವನ್ನು ಹೊರದಬ್ಬುವ ಪಂಪಿನ ಜೀನ್ ಇತ್ತು. ಇನ್ನೊಂದು ಬದಿಗೆ ಮತ್ತೊಂದು ಹೆಸರಿಲ್ಲದ ಚಿಕ್ಕ ಜೀನ್. ಬೇರೆ ಬೇರೆ ಪ್ರಭೇದಗಳ ಜೀನೋಮ್ ತೆಗೆದು ನೋಡಿದರೂ ಈ ಮೂರು ಹೆಚ್ಚಿನ ಕಡೆ ಒಟ್ಟಿಗೇ ಇದ್ದವು. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಅತ್ಯಂತ ಗಟ್ಟಿಯಾದ ಗಣಕ ಸಾಕ್ಷ್ಯ ಇದೇ. ಹೇಳಿಕೊಳ್ಳಲು ಇದರಲ್ಲಿ ಕೃತಕ ಬುದ್ಧಿಮತ್ತೆಯ ಹೊಳಪಿಲ್ಲ, ಅಷ್ಟೇ.

ಇನ್ನು ಎಲ್ಲರೂ ಕಾಯುತ್ತಿದ್ದ ಭಾಗ, ರಚನೆಯ ಮುನ್ಸೂಚನೆ. ಅಮೈನೊ ಆಮ್ಲಗಳ ಸರಪಳಿ ಯಾವ ಆಕಾರಕ್ಕೆ ಮಡಚಿಕೊಳ್ಳುತ್ತದೆ ಎಂಬುದನ್ನು ಅನುಕ್ರಮದಿಂದಲೇ ಹೇಳಬಲ್ಲೆವೇ ಎಂಬ ಪ್ರಶ್ನೆ ಅರ್ಧ ಶತಮಾನದ್ದು. 2020ರ ಕೊನೆಯಲ್ಲಿ ಫಲಿತಾಂಶ ಹೊರಬಂದ, ಇಂಥ ಮುನ್ಸೂಚನೆಗಳನ್ನು ಒರೆಗೆ ಹಚ್ಚುವ ಹದಿನಾಲ್ಕನೇ ‘ಕ್ಯಾಸ್ಪ್’ ಸ್ಪರ್ಧೆಯಲ್ಲಿ ಗೂಗಲ್ ಒಡೆತನದ ಡೀಪ್‌ಮೈಂಡ್‌ನ ಆಲ್ಫಾಫೋಲ್ಡ್–2 ಹಲವು ಪ್ರೋಟೀನ್‌ಗಳ ಆಕಾರವನ್ನು ಪ್ರಯೋಗಕ್ಕೆ ಸಮನಾದ ನಿಖರತೆಯಿಂದ ಹೇಳಿ ಎಲ್ಲರನ್ನೂ ಬೆರಗಾಗಿಸಿತು. 2021ರಲ್ಲಿ ಅದರ ತಂತ್ರಾಂಶದ ಮೂಲ ಸಂಕೇತ (ಕೋಡ್) ಬಹಿರಂಗವಾಯಿತು. 2022ರ ಹೊತ್ತಿಗೆ 20 ಕೋಟಿಗೂ ಹೆಚ್ಚು ರಚನೆಗಳ ಉಚಿತ ದತ್ತಸಂಚಯ ಸಿದ್ಧವಾಗಿತ್ತು. 2024ರ ರಸಾಯನ ವಿಜ್ಞಾನದ ನೊಬೆಲ್ ಪ್ರಶಸ್ತಿಯ ಅರ್ಧ ಭಾಗ ಆಲ್ಫಾಫೋಲ್ಡ್ ರೂಪಿಸಿದ ಡೆಮಿಸ್ ಹಸ್ಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೆ, ಇನ್ನರ್ಧ ಪ್ರೋಟೀನ್ ವಿನ್ಯಾಸಕ್ಕಾಗಿ ಡೇವಿಡ್ ಬೇಕರ್ ಅವರಿಗೆ ಸಂದಿತು. ಈ ಯಶಸ್ಸಿನ ಅಡಿಪಾಯದ ಬಗ್ಗೆ ಮಾತ್ರ ಮಾತು ಕಡಿಮೆ. 1971ರಲ್ಲಿ ಏಳು ರಚನೆಗಳೊಂದಿಗೆ ಶುರುವಾದ ಪ್ರೋಟೀನ್ ದತ್ತಾಂಶ ಬ್ಯಾಂಕಿಗೆ ಸ್ಫಟಿಕಶಾಸ್ತ್ರಜ್ಞರು ವರ್ಷಗಟ್ಟಲೆ ಹೆಣಗಿ ಒಂದೊಂದಾಗಿ ಸೇರಿಸಿದ ರಚನೆಗಳಿಂದಲೇ ಆಲ್ಫಾಫೋಲ್ಡ್ ಕಲಿತದ್ದು.

ನಾನು ಬಳಸಿದ್ದು ಕೋಲಾಬ್‌ಫೋಲ್ಡ್, ಆಲ್ಫಾಫೋಲ್ಡನ್ನೇ ಬೇಗ ಓಡಿಸುವ ತಂತ್ರಾಂಶ. ಆಲ್ಫಾಫೋಲ್ಡ್ ಮೊದಲು ನಮ್ಮ ಪ್ರೋಟೀನಿನ ಬಂಧುಗಳನ್ನೆಲ್ಲ ಕಲೆಹಾಕಿ ಸಾಲಾಗಿ ಜೋಡಿಸಿ, ಯಾವ ಎರಡು ಸ್ಥಾನಗಳು ಒಟ್ಟೊಟ್ಟಿಗೆ ಬದಲಾಗಿವೆ ಎಂಬುದನ್ನು ಗಮನಿಸುತ್ತದೆ; ಒಟ್ಟಿಗೆ ಬದಲಾಗುವವು ಆಕಾರದಲ್ಲಿ ಹತ್ತಿರವಿರುವ ಸಾಧ್ಯತೆ ಹೆಚ್ಚು. ಈ ಕಲೆಹಾಕುವ ಹಂತವೇ ಹಳೆಯ ವಿಧಾನದಲ್ಲಿ ಗಂಟೆಗಟ್ಟಲೆ ತಿನ್ನುತ್ತಿತ್ತು. ಕೋಲಾಬ್‌ಫೋಲ್ಡ್ ಅದನ್ನು ಎಂಎಂಸೀಕ್ಸ್–2 ಎಂಬ ವೇಗದ ಹುಡುಕಾಟಕ್ಕೆ ಒಪ್ಪಿಸಿದ್ದರಿಂದ ಚಿಕ್ಕ ಪ್ರೋಟೀನ್ ಆದರೆ ಬೇರೇನೋ ಕೆಲಸ ಮಾಡಿ ಬರುವಷ್ಟರಲ್ಲಿ ಮಾದರಿ ಸಿದ್ಧವಿರುತ್ತದೆ.

ಬಂದ ಮಾದರಿಗೆ ಬಣ್ಣ ಹಚ್ಚಿ ನೋಡುವುದು ವಾಡಿಕೆ. ಪ್ರತಿ ಅಮೈನೊ ಆಮ್ಲದ ಸ್ಥಾನದ ಬಗ್ಗೆ ತನಗೆಷ್ಟು ಭರವಸೆ ಇದೆ ಎಂದು ಆಲ್ಫಾಫೋಲ್ಡ್ ನೂರಕ್ಕೆ ಇಷ್ಟು ಎಂಬ ಅಂಕ ಕೊಡುತ್ತದೆ. 90ಕ್ಕಿಂತ ಮೇಲಿದ್ದರೆ ಕಡುನೀಲಿ, 70ರಿಂದ 90 ತಿಳಿನೀಲಿ, 50ರಿಂದ 70 ಹಳದಿ, ಅದಕ್ಕೂ ಕೆಳಗೆ ಕಿತ್ತಳೆ. ನಮ್ಮ ಪ್ರೋಟೀನಿನ ವಿಳಾಸ ಚೀಟಿ ಕಿತ್ತಳೆ, ಅದು ನಿರೀಕ್ಷಿತವೇ. ಒಡಲು ಅಚ್ಚುಕಟ್ಟಾದ ಕಡುನೀಲಿ, ಬೀಟಾ ಎಳೆಗಳು (ಸರಪಳಿಯ ನೀಳವಾಗಿ ಚಾಚಿದ ತುಂಡುಗಳು) ಒಂದಕ್ಕೊಂದು ಒತ್ತಿ ನಿಂತ ಪೀಪಾಯಿ. ಪೀಪಾಯಿಯ ಒಂದು ತುದಿಯಲ್ಲಿ ಸಡಿಲವಾಗಿ ಹೊರಚಾಚಿದ ಒಂದು ಕುಣಿಕೆ ಹಳದಿ. ತಂಡದ ಸಭೆಯಲ್ಲಿ ಎಲ್ಲರ ಕಣ್ಣು ನೀಲಿಯ ಮೇಲೆ. ಪ್ರೋಟೀನ್ ಸರಪಳಿಯ ಬೆನ್ನೆಲುಬಿನ ತಿರುಚು ಕೋನಗಳನ್ನು 1963ರಲ್ಲಿ ಜಿ. ಎನ್. ರಾಮಚಂದ್ರನ್ ಮತ್ತು ಅವರ ಸಹೋದ್ಯೋಗಿಗಳು ರೂಪಿಸಿದ ನಕ್ಷೆಯ ಮೇಲೆ ಇಟ್ಟು ನೋಡಿದೆ. ಒಂದು ಬಿಂದುವೂ ನಿಷಿದ್ಧ ಪ್ರದೇಶಕ್ಕೆ ಹೋಗಿರಲಿಲ್ಲ. ಇದರಿಂದ ಬೀಗಬೇಕಾಗಿಲ್ಲ, ಹಳದಿ ಭಾಗದಲ್ಲೂ ಕೋನಗಳು ಸರಿಯಾಗಿಯೇ ಇದ್ದವು. ಆಕಾರ ಅಸಂಭವವಲ್ಲ ಎಂದಷ್ಟೇ ಆ ನಕ್ಷೆ ಹೇಳುತ್ತದೆ, ನಿಜವೆಂದು ಹೇಳುವುದಿಲ್ಲ.

ಆಕಾರ ಸಿಕ್ಕ ಮೇಲೆ ಆಕಾರದಿಂದಲೇ ಹುಡುಕಬಹುದು. ಫೋಲ್ಡ್‌ಸೀಕ್ ಎಂಬ ತಂತ್ರಾಂಶ ಮೂರು ಆಯಾಮದ ರಚನೆಯನ್ನು ಇಪ್ಪತ್ತು ಅಕ್ಷರಗಳ ಒಂದು ಲಿಪಿಗೆ ಇಳಿಸುತ್ತದೆ. ಪ್ರತಿ ಅಕ್ಷರವೂ ಒಂದು ಅಮೈನೊ ಆಮ್ಲ ಮತ್ತು ಅದರ ಹತ್ತಿರದ ಸಂಗಾತಿಯ ನಡುವಿನ ಜ್ಯಾಮಿತಿಯನ್ನು ಹಿಡಿದಿಡುತ್ತದೆ. ಆಮೇಲೆ ಕೋಟ್ಯಂತರ ರಚನೆಗಳ ನಡುವೆ ಹುಡುಕುವುದು ಅಕ್ಷರ ಸಾಲುಗಳನ್ನು ಹುಡುಕಿದಷ್ಟೇ ಸಲೀಸು. ಅನುಕ್ರಮದಲ್ಲಿ ಹೋಲಿಕೆ ಪೂರಾ ಅಳಿಸಿಹೋಗಿರುವ ದೂರದ ಬಂಧುಗಳೂ ಆಕಾರದಲ್ಲಿ ಸಿಕ್ಕಿಬೀಳುತ್ತಾರೆ. ಈಚಿನ ವರ್ಷಗಳಲ್ಲಿ ಬಂದ ಉಪಕರಣಗಳಲ್ಲಿ ನಾನು ಅತಿ ಹೆಚ್ಚು ಮೆಚ್ಚುವುದು ಇದನ್ನೇ. ಆಲ್ಫಾಫೋಲ್ಡ್‌ನ ಪ್ರಭೆಯಲ್ಲಿ ಇದಕ್ಕೆ ಸಲ್ಲಬೇಕಾದ ಹೊಗಳಿಕೆ ಸಂದಿಲ್ಲ.

ಪಟ್ಟಿಯ ಮೇಲ್ಭಾಗದಲ್ಲಿ ಅಜುರಿನ್, ಪ್ಲಾಸ್ಟೊಸಯಾನಿನ್! ಎರಡೂ ಕ್ಯುಪ್ರಿಡಾಕ್ಸಿನ್ ಎಂಬ ಪ್ರಸಿದ್ಧ ತಾಮ್ರದ ಪ್ರೋಟೀನ್ ವರ್ಗದವು, ಎಲೆಕ್ಟ್ರಾನ್ ಸಾಗಿಸುವ ಕೆಲಸದವು. ಎರಡನೆಯದು ಹಸಿರು ಸಸ್ಯಗಳ ದ್ಯುತಿಸಂಶ್ಲೇಷಣೆಯಲ್ಲಿ ದುಡಿಯುತ್ತದೆ. ಎರಡು ಆಕಾರಗಳ ಹೋಲಿಕೆಯನ್ನು ಅಳೆಯುವ ಟಿಎಂ ಅಂಕ 0.5ಕ್ಕಿಂತ ಸಾಕಷ್ಟು ಮೇಲಿತ್ತು, ಎಂದರೆ ಮಡಿಕೆ ಒಂದೇ ಎನ್ನಲು ಅಡ್ಡಿಯಿಲ್ಲ. “ಹಾಗಾದರೆ ಎಲೆಕ್ಟ್ರಾನ್ ಸಾಗಣೆಯ ಪ್ರೋಟೀನ್ ಎಂದು ಬರೆದುಬಿಡಬಹುದಲ್ಲವೇ?” ಎಂದು ತಂಡದ ಮುಖ್ಯಸ್ಥರು ಕೇಳಿದರು. “ಸರ್, ಇದೇ ಪಟ್ಟಿಯಲ್ಲಿ ಸ್ವಲ್ಪ ಕೆಳಗೆ ಪ್ರತಿಕಾಯಗಳನ್ನು ಹೋಲುವ ಮಡಿಕೆಗಳೂ ಇವೆ” ಎಂದೆ. ಬೀಟಾ ಎಳೆಗಳನ್ನು ಹೀಗೆ ಒತ್ತಿ ಜೋಡಿಸುವ ವಿನ್ಯಾಸ ಪ್ರಕೃತಿಗೆ ಬಹಳ ಪ್ರಿಯ. ಒಂದೇ ನಕ್ಷೆಯಲ್ಲಿ ಕಟ್ಟಿದ ಎರಡು ಕಟ್ಟಡಗಳಲ್ಲಿ ಒಂದು ಶಾಲೆ, ಇನ್ನೊಂದು ಉಗ್ರಾಣ ಆಗಿರಬಹುದು. ಒಳಗಿನ ಸಾಮಾನು ನೋಡದೆ ಹೇಳುವಂತಿಲ್ಲ.

ಒಳಗಿನ ಸಾಮಾನೆಂದರೆ ಇಲ್ಲಿ ತಾಮ್ರವನ್ನು ಹಿಡಿಯುವ ಅಮೈನೊ ಆಮ್ಲಗಳು. ಅಜುರಿನ್‌ನಲ್ಲಿ ಎರಡು ಹಿಸ್ಟಿಡಿನ್, ಒಂದು ಸಿಸ್ಟೀನ್ ತಾಮ್ರವನ್ನು ಸುತ್ತುವರಿದಿರುತ್ತವೆ. ತುಸು ದೂರದಿಂದ ಒಂದು ಮೆಥಿಯೊನಿನ್ ಕೈಗೂಡಿಸುತ್ತದೆ. ಈ ಪ್ರೋಟೀನಿನ ಕಡುನೀಲಿ ಬಣ್ಣಕ್ಕೆ ಆ ಸಿಸ್ಟೀನ್ ಮತ್ತು ತಾಮ್ರದ ನಂಟೇ ಕಾರಣ. ನಮ್ಮ ಮಾದರಿಯನ್ನು ಅಜುರಿನ್ ಮೇಲೆ ಕೂರಿಸಿ ಆ ನಾಲ್ಕೂ ಜಾಗಗಳನ್ನು ನೋಡಿದೆ. ಒಂದು ಹಿಸ್ಟಿಡಿನ್ ಇತ್ತು. ಇನ್ನೊಂದರ ಜಾಗದಲ್ಲಿ ಲ್ಯೂಸಿನ್. ಸಿಸ್ಟೀನ್ ಇರಬೇಕಾದಲ್ಲಿ ಸೆರಿನ್. ಮಡಿಕೆ ಅಜುರಿನ್‌ನದೇ, ತಾಮ್ರದ ಗೂಡು ಮಾತ್ರ ಖಾಲಿ.

ಎಲೆಕ್ಟ್ರಾನ್ ಸಾಗಣೆಯ ಮಾತು ಅಲ್ಲಿಗೆ ನಿಂತಿತು. ಹಾಗಿದ್ದರೆ ಜೀನ್ ಅಳಿಸಿದಾಗ ತಾಮ್ರಕ್ಕೆ ಸೋಲುವುದೇಕೆ? ಮತ್ತೆ ಬಂಧುಗಳ ಜೋಡಣೆಗೆ ಹೋದೆ. ಕೆಲಸಕ್ಕೆ ಬೇಕಾದ ಅಮೈನೊ ಆಮ್ಲವನ್ನು ವಿಕಾಸ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಆದ್ದರಿಂದ ದೂರದ ಪ್ರಭೇದಗಳಲ್ಲೂ ಬದಲಾಗದೆ ಉಳಿದಿರುವ ಸ್ಥಾನಗಳನ್ನು ಗುರುತಿಸಿ ಮಾದರಿಯ ಮೇಲೆ ಗುರುತು ಹಾಕಿದೆ. ಒಡಲಿನ ಒಳಗೆ ಕೆಲವು ಸ್ಥಾನಗಳು ಉಳಿದಿದ್ದವು. ಅವು ಪೀಪಾಯಿಯನ್ನು ನಿಲ್ಲಿಸಲು ಬೇಕಾದವು, ಅಚ್ಚರಿಯಿಲ್ಲ. ಅಚ್ಚರಿ ಇದ್ದದ್ದು ಯಾರೂ ನೋಡದ ಆ ಹಳದಿ ಕುಣಿಕೆಯಲ್ಲಿ. ಸುತ್ತಲಿನ ಅಕ್ಷರಗಳೆಲ್ಲ ಪ್ರಭೇದದಿಂದ ಪ್ರಭೇದಕ್ಕೆ ಬದಲಾಗಿದ್ದರೂ ಮೂರು ಮೆಥಿಯೊನಿನ್‌ಗಳು, ಒಂದು ಹಿಸ್ಟಿಡಿನ್ ಎಲ್ಲದರಲ್ಲೂ ಹಾಗೆಯೇ ಇದ್ದವು. ಮೆಥಿಯೊನಿನ್‌ನಲ್ಲಿರುವುದು ಗಂಧಕ. ಒಂದು ಧನಾವೇಶದ ತಾಮ್ರಕ್ಕೆ ಗಂಧಕವೆಂದರೆ ಒಲವು. ಇ. ಕೋಲೈನ ಕಸ್‌ಎಫ್ ಎಂಬ ಪುಟ್ಟ ಪ್ರೋಟೀನ್ ಎರಡು ಪೊರೆಗಳ ನಡುವಿನ ಇದೇ ಜಾಗದಲ್ಲಿ ಇದ್ದುಕೊಂಡು, ಮೆಥಿಯೊನಿನ್ ಮತ್ತು ಹಿಸ್ಟಿಡಿನ್‌ಗಳನ್ನು ಬಳಸಿ ಅಂಥ ತಾಮ್ರವನ್ನು ಹಿಡಿಯುತ್ತದೆ ಎಂಬುದು ಗೊತ್ತಿರುವ ಸಂಗತಿ. ಅದರ ಮಡಿಕೆ ನಮ್ಮದಕ್ಕಿಂತ ಬೇರೆ.

ಅಂಕ ಕಡಿಮೆ ಇರುವ ಭಾಗವನ್ನು ಕಸವೆಂದು ಬಿಡುವ ಅಭ್ಯಾಸ ಈ ಕ್ಷೇತ್ರದಲ್ಲಿ ಬೇರೂರುತ್ತಿದೆ. ಕೆಲವರು ಮಾದರಿ ಬಂದ ಕೂಡಲೇ ಹಳದಿ, ಕಿತ್ತಳೆ ಭಾಗಗಳನ್ನು ಕತ್ತರಿಸಿಯೇ ಮುಂದುವರಿಯುತ್ತಾರೆ. ಕಡಿಮೆ ಅಂಕಕ್ಕೆ ಆಲ್ಫಾಫೋಲ್ಡ್‌ಗೆ ಸಾಕಷ್ಟು ಬಂಧುಗಳು ಸಿಗದಿರುವುದೂ ಕಾರಣವಾಗಿರಬಹುದು, ಆ ಭಾಗ ನಿಜಕ್ಕೂ ಸ್ಥಿರ ಆಕಾರವಿಲ್ಲದೆ ಓಲಾಡುತ್ತಿರುವುದೂ ಆಗಿರಬಹುದು. ಲೋಹ ಬಂದು ಕೂತಾಗ ಮಾತ್ರ ನೆಲೆ ನಿಲ್ಲುವ ಕುಣಿಕೆಗಳು ಇವೆ. ಆಲ್ಫಾಫೋಲ್ಡ್–2ಕ್ಕೆ ಲೋಹವೆಂಬುದರ ಪರಿವೆಯೇ ಇಲ್ಲ. ಅದಕ್ಕೆ ಕೊಡುವುದು ಅಮೈನೊ ಆಮ್ಲಗಳನ್ನು ಮಾತ್ರ.

2024ರ ಮೇ ತಿಂಗಳಲ್ಲಿ ಬಂದ ಆಲ್ಫಾಫೋಲ್ಡ್–3ರಲ್ಲಿ ಡಿಎನ್‌ಎ, ಆರ್‌ಎನ್‌ಎ, ಅಯಾನುಗಳನ್ನೂ ಸೇರಿಸಿ ಕೇಳಬಹುದು. ತಾಮ್ರದ ಅಯಾನನ್ನು ಕೊಟ್ಟು ಕೇಳಿದೆ. ಅಯಾನು ನೇರವಾಗಿ ಹಳದಿ ಕುಣಿಕೆಗೆ ಹೋಗಿ ಮೆಥಿಯೊನಿನ್‌ಗಳ ನಡುವೆ ಕೂತಿತು. ಚಿತ್ರ ಬಹಳ ಚೆನ್ನಾಗಿತ್ತು, ಸಭೆಯಲ್ಲಿ ತೋರಿಸಲು ಹೇಳಿ ಮಾಡಿಸಿದಂತಿತ್ತು. ತೋರಿಸುವ ಮೊದಲು ಎರಡು ಅಡ್ಡ ಪರೀಕ್ಷೆ ಮಾಡಿದೆ. ತಾಮ್ರದ ಬದಲು ಸತುವನ್ನು ಕೊಟ್ಟೆ. ಅದೂ ಅಲ್ಲಿಯೇ ಕೂತಿತು. ಅನುಕ್ರಮದಲ್ಲಿ ಆ ಮೆಥಿಯೊನಿನ್‌ಗಳನ್ನೆಲ್ಲ ತೆಗೆದು ಲೋಹ ಹಿಡಿಯಲಾರದ ಅಲನಿನ್‌ಗಳನ್ನು ಹಾಕಿ ಮತ್ತೆ ತಾಮ್ರ ಕೊಟ್ಟೆ. ಮೆಥಿಯೊನಿನ್‌ಗಳೇ ಇಲ್ಲದಿದ್ದರೂ ಅಯಾನು ಹೆಚ್ಚುಕಡಿಮೆ ಅದೇ ಜಾಗದಲ್ಲಿ ನಿಂತಿತ್ತು! ಅಯಾನು ಕೊಟ್ಟರೆ ಅದನ್ನು ಎಲ್ಲಾದರೂ ಇಡಲೇಬೇಕು ಎಂಬುದು ಈ ಮಾದರಿಯ ಕಟ್ಟುಪಾಡು. “ಇದಕ್ಕೆ ಜಾಗವಿಲ್ಲ” ಎಂದು ಅದು ಹೇಳುವುದಿಲ್ಲ. ಅದರ ಭರವಸೆಯ ಅಂಕ ಇಳಿದಿತ್ತು, ನಿಜ. ಆದರೆ ಇಳಿತ ಅಲ್ಪ. ಆ ಚಿತ್ರವನ್ನು ನಾನು ತಂಡದ ಸಂಶೋಧನಾ ಲೇಖನದಲ್ಲಿ ಸೇರಿಸಲಿಲ್ಲ.

ಇಷ್ಟಾದ ಮೇಲೆ ಸಹೋದ್ಯೋಗಿಗೆ ಒಂದು ಪುಟದ ಟಿಪ್ಪಣಿ ಕಳುಹಿಸಿದೆ. ಅದರಲ್ಲಿದ್ದದ್ದು ಊಹೆಗಿಂತ ಹೆಚ್ಚಾಗಿ ಬೇಡಿಕೆ. ಕುಣಿಕೆಯ ಮೆಥಿಯೊನಿನ್‌ಗಳನ್ನು ಬದಲಿಸಿದ ಜೀನನ್ನು ಬ್ಯಾಕ್ಟೀರಿಯಾಕ್ಕೆ ಮರಳಿ ಕೊಡಿ, ಪೀಪಾಯಿಯ ಒಳಗಿನ ಒಂಟಿ ಹಿಸ್ಟಿಡಿನ್ ಬದಲಿಸಿದ್ದನ್ನೂ ಬೇರೆಯಾಗಿ ಕೊಡಿ. ಮೊದಲನೆಯದು ತಾಮ್ರಕ್ಕೆ ಸೋತು ಎರಡನೆಯದು ಸೋಲದಿದ್ದರೆ ನನ್ನ ಓದು ಸರಿ. ಎರಡೂ ಸೋಲದಿದ್ದರೆ ಇಡೀ ಕಥೆಯೇ ಬಿದ್ದುಹೋಗುತ್ತದೆ. “ಹೀಗೆ ಬಿದ್ದುಹೋಗುವ ದಾರಿಯನ್ನೂ ಬರೆದುಕೊಟ್ಟರೆ ನಮಗೆ ಕೆಲಸ ಸುಲಭ. ಬರೀ ಬಣ್ಣದ ಚಿತ್ರ ಕಳುಹಿಸಿದರೆ ನಾವು ಏನು ಮಾಡಬೇಕು ಹೇಳಿ” ಎಂದರು ಅವರು. ಅವರಿಗೆ ಅಂಥ ಚಿತ್ರಗಳು ಸಾಕಷ್ಟು ಬಂದಿದ್ದವೆಂದು ತೋರುತ್ತದೆ.

ಪ್ರಯೋಗ ಮಾದರಿಯಷ್ಟು ಬೇಗ ಮುಗಿಯುವುದಿಲ್ಲ. ಪ್ರೋಟೀನ್ ಶುದ್ಧೀಕರಿಸುವಾಗ ಅದು ಪದೇ ಪದೇ ಗಂಟುಗಟ್ಟಿತು, ವಿಳಾಸ ಚೀಟಿಯನ್ನು ಕತ್ತರಿಸಿ ಜೀನನ್ನು ಹೊಸದಾಗಿ ಕಟ್ಟಬೇಕಾಯಿತು. ಆ ತಿಂಗಳುಗಳಲ್ಲಿ ನಾನು ಬೇರೆ ಪ್ರೋಟೀನ್‌ಗಳತ್ತ ಹೋದೆ. ಕೊನೆಗೆ ಶುದ್ಧ ಪ್ರೋಟೀನಿಗೆ ಎರಡು ಧನಾವೇಶದ ತಾಮ್ರವನ್ನು ಬೆರೆಸಿದಾಗ ದ್ರಾವಣಕ್ಕೆ ಅಜುರಿನ್‌ನ ನೀಲಿ ಬರಲಿಲ್ಲ. ಸಿಸ್ಟೀನ್ ಇಲ್ಲವೆಂದ ಮೇಲೆ ಬರಬಾರದು ಕೂಡ. ಒಂದು ಧನಾವೇಶದ ತಾಮ್ರಕ್ಕೆ ತನ್ನದೇ ಬಣ್ಣವಿಲ್ಲ, ಗಾಳಿ ಸೋಕಿದರೆ ಅದು ಆ ಸ್ಥಿತಿಯಲ್ಲಿ ಉಳಿಯುವುದೂ ಇಲ್ಲ. ಹಾಗಾಗಿ ಆಮ್ಲಜನಕವಿಲ್ಲದ ಗ್ಲವ್ ಬಾಕ್ಸ್ ಒಳಗೆ ಬೈಸಿಂಕೋನಿನಿಕ್ ಆಮ್ಲದ ಜೊತೆ ಪೈಪೋಟಿ ಏರ್ಪಡಿಸಿದರು. ಆ ಆಮ್ಲ ತಾಮ್ರವನ್ನು ಹಿಡಿದಾಗ ನೇರಳೆಯಾಗುತ್ತದೆ. ಪ್ರೋಟೀನ್ ಅದರಿಂದ ತಾಮ್ರವನ್ನು ಕಿತ್ತುಕೊಂಡರೆ ನೇರಳೆ ಮಾಸುತ್ತದೆ. ಮಾಸಿತು. ಮೆಥಿಯೊನಿನ್ ಬದಲಿಸಿದ ಪ್ರೋಟೀನ್ ಹಾಕಿದಾಗ ನೇರಳೆ ಬಹುಪಾಲು ಹಾಗೆಯೇ ಉಳಿಯಿತು. ಬ್ಯಾಕ್ಟೀರಿಯಾದಲ್ಲೂ ಅದೇ ಫಲ: ಮೆಥಿಯೊನಿನ್ ಬದಲಿಸಿದವು ತಾಮ್ರಕ್ಕೆ ಸೊರಗಿದವು, ಒಂಟಿ ಹಿಸ್ಟಿಡಿನ್ ಬದಲಿಸಿದವು ಚೆನ್ನಾಗಿಯೇ ಬೆಳೆದವು.

ಆಮೇಲೆ ನಡೆದ ಚರ್ಚೆ ಎಲ್ಲಕ್ಕಿಂತ ಉದ್ದದ್ದು: ದತ್ತಸಂಚಯಕ್ಕೆ ಯಾವ ಹೆಸರು ಬರೆದು ಕಳುಹಿಸುವುದು? ತಾಮ್ರ ಹಿಡಿಯುತ್ತದೆ ಎಂಬುದಕ್ಕೆ ಪುರಾವೆ ಇದೆ. ಹಿಡಿದ ತಾಮ್ರವನ್ನು ಪಂಪಿಗೆ ಒಪ್ಪಿಸುತ್ತದೆಯೇ, ಕೂಡಿಟ್ಟುಕೊಳ್ಳುತ್ತದೆಯೇ ಎಂಬುದಕ್ಕೆ ಇಲ್ಲ. ‘ತಾಮ್ರ ಸಾಗಣೆಯ ಚಾಪರೋನ್’, ಎಂದರೆ ತಾಮ್ರವನ್ನು ಜೋಪಾನವಾಗಿ ಒಯ್ದು ಇನ್ನೊಂದು ಪ್ರೋಟೀನಿಗೆ ಒಪ್ಪಿಸುವ ಪ್ರೋಟೀನ್, ಎಂದು ಬರೆಯಲು ಕೆಲವರಿಗೆ ಮನಸ್ಸಿತ್ತು. ಅಂಥ ಹೆಸರು ಓದಲು ಚೆಂದ, ಉಲ್ಲೇಖಗಳೂ ಹೆಚ್ಚು ಬರುತ್ತವೆ. ಆದರೆ ನಾವು ಬರೆಯುವ ಹೆಸರನ್ನು ನಾಳೆ ಪ್ರೊಕ್ಕಾ, ಬಾಕ್ಟಾಗಳು ನೂರಾರು ಜೀನೋಮ್‌ಗಳಿಗೆ ಹಂಚುತ್ತವೆ. ಮೆಥಿಯೊನಿನ್‌ಗಳಿಲ್ಲದ ದೂರದ ಬಂಧುಗಳಿಗೂ ಹಂಚುತ್ತವೆ, ಏಕೆಂದರೆ ಒಟ್ಟು ಹೋಲಿಕೆ ನೋಡುವ ತಂತ್ರಾಂಶ ಕುಣಿಕೆಯೊಂದನ್ನೇ ಬೇರೆಯಾಗಿ ನೋಡುವುದಿಲ್ಲ. ಕೊನೆಗೆ ‘ಕ್ಯುಪ್ರಿಡಾಕ್ಸಿನ್ ಮಡಿಕೆಯ, ತಾಮ್ರ ಬಂಧಿಸುವ ಪ್ರೋಟೀನ್’ ಎಂದು ಬರೆದೆವು. ಬಂಧಿಸುವ ಸ್ಥಾನಗಳನ್ನು, ಅವುಗಳಿಗಿರುವ ಪ್ರಯೋಗದ ಆಧಾರವನ್ನು ಟಿಪ್ಪಣಿಯಲ್ಲಿ ಸೇರಿಸಿದೆವು. ಟಿಪ್ಪಣಿಯನ್ನು ಯಂತ್ರಗಳು ಓದುತ್ತವೆಂಬ ಭರವಸೆ ನನಗೇನೂ ಇಲ್ಲ.

ಲೇಖನದ ವಿಮರ್ಶಕರಲ್ಲಿ ಒಬ್ಬರು, ಪಕ್ಕದ ಪಂಪಿನೊಡನೆ ಈ ಪ್ರೋಟೀನ್ ಕೂಡುತ್ತದೆಯೇ ಎಂದು ಆಲ್ಫಾಫೋಲ್ಡ್‌ನಲ್ಲಿ ನೋಡಿ ತೋರಿಸಿ ಎಂದು ಕೇಳಿದರು. ನೋಡಿದ್ದೆ. ಎರಡರ ನಡುವಿನ ಹೊಂದಾಣಿಕೆಯ ಅಂಕ ತೀರ ಕಡಿಮೆ ಇತ್ತು. ಕೂಡುವುದಿಲ್ಲ ಎನ್ನುವುದಕ್ಕೂ ಅದು ಪುರಾವೆಯಲ್ಲ, ಕ್ಷಣಕಾಲ ತಾಗಿ ಸರಿಯುವ ಪ್ರೋಟೀನ್ ಜೋಡಿಗಳನ್ನು ಈ ಮಾದರಿಗಳು ಹಿಡಿಯದೇ ಹೋಗುವುದುಂಟು. ಹಾಗೆಂದೇ ಉತ್ತರ ಬರೆದೆವು, ಅವರು ಒಪ್ಪಿದರು. ಪಂಪಿನ ಜೀನ್ ಮತ್ತು ಈ ಜೀನ್ ಎರಡನ್ನೂ ಒಟ್ಟಿಗೆ ಅಳಿಸಿದ ಬ್ಯಾಕ್ಟೀರಿಯಾವನ್ನು ಸಹೋದ್ಯೋಗಿ ಈಗ ಬೆಳೆಸುತ್ತಿದ್ದಾರೆ. ಇನ್ನೊಂದು ಬದಿಯ ಆ ಚಿಕ್ಕ ಜೀನಿನ ಮಾದರಿ ಪೂರ್ತಿ ಕಿತ್ತಳೆಯಾಗಿ ಬಂದಿದೆ. ಬಂಧುಗಳ ಜೋಡಣೆಯಲ್ಲಿ ಎರಡು ಸಿಸ್ಟೀನ್‌ಗಳು ಮಾತ್ರ ಎಲ್ಲೆಡೆ ಉಳಿದಿವೆ, ಅವುಗಳನ್ನು ಬದಲಿಸಿ ನೋಡಿ ಎಂಬ ಟಿಪ್ಪಣಿಯನ್ನು ಕಳುಹಿಸಿದ್ದೇನೆ.